ಬೀಗ ಹಾಕಿದ ಮನೆ

ಬೆಂಗಳೂರಿನ ಮಗ್ಗುಲಿನ ಹೊಸಕೋಟೆ, ನೆಲಮಂಗಲಗಳಲ್ಲಿ ಮನೆ ಕಟ್ಟುವ ಗಾರೆಯವನಿಗೆ ಅದೇ ಮನೆಯ ಬಾಡಿಗೆ ನಿಲುಕದು. ಮನೆಗಳ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. 2012ರಲ್ಲಿ ತಜ್ಞರ ಸಮಿತಿಯು ದೇಶದ ನಗರಗಳಿಗೆ ಸುಮಾರು 1.88 ಕೋಟಿ ಮನೆಗಳು ಸಾಲವೆಂದಿತು. 2011ರ ಜನಗಣತಿಯಾದರೋ ಅವೇ ನಗರಗಳಲ್ಲಿ ಸುಮಾರು 1.1 ಕೋಟಿ ಖಾಲಿ ಮನೆಗಳನ್ನು ಎಣಿಸಿತ್ತು.

ನ್ಯಾಯವಾಗಿ ಗಳಿಸಿದ ಹಣದಿಂದ ಕಟ್ಟಿಸಿದ ಎರಡನೆಯ ಮನೆಗೆ ಬೀಗ ಹಾಕಿ, ಬೆಲೆಯೇರುವುದನ್ನು ಕಾಯುವುದು ದೋಷವೆ? ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟರೆ ಯಾರೂ ನೆಲೆಗೆಡರು. ಮನೆಯನ್ನು ಹಾಗಿಟ್ಟರೆ ಊರಿನ ನೆಲವೇ ಅದರೊಡನೆ ಸೆರೆಯಾಗುತ್ತದೆ. ಆದ್ದರಿಂದ ದೋಷವೆಂದೇ ಹೇಳಬೇಕು. ಬಾಡಿಗೆದಾರನು ಬಿಟ್ಟುಹೋಗನೆಂಬ ಮಾಲೀಕನ ಭಯ ಸುಳ್ಳಲ್ಲ. ಆದರೆ ಆ ಭಯದ ಬೆಲೆ ತೆರುವವನು ಹತ್ತು ತಿಂಗಳ ಮುಂಗಡ ಹೊಂದಿಸಲಾರದ ಕೂಲಿಕಾರ. 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡವನ್ನು ಎರಡೇ ತಿಂಗಳಿಗೆ ಮಿತಿಗೊಳಿಸಿದೆ. ರಾಜ್ಯಗಳು ಅಂಗೀಕರಿಸದಿದ್ದರೂ ಅಷ್ಟಕ್ಕೇ ಮನೆ ಕೊಡಲು ಮಾಲೀಕನಿಗೆ ಅಡ್ಡಿಯೇನೂ ಇಲ್ಲ.