ಅನುದಾನ ಮತ್ತು ನ್ಯಾಸಾಪಹಾರ

ಶ್ರಾವಕಧರ್ಮದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ವಿಸ್ತಾರವಾಗಿ ಹೇಳಲಾಗಿದೆ. ಕೊಡುವವನಿಗೆ ಇಷ್ಟು ಉಪದೇಶವಿರುವಲ್ಲಿ, ಅರ್ಜಿ ಬರೆದು ಹಣ ಪಡೆಯುವವನಿಗೆ ಏನಾದರೂ ಇದೆಯೇ? ಇದೆ; ಆದರೆ ದಾನದ ಪ್ರಕರಣದಲ್ಲಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ.

ಇದು ಇಂದು ಗ್ರಂಥದೊಳಗಿನ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಪಾರಂಪರಿಕ ಕಟ್ಟಡಗಳ ರಕ್ಷಣೆಯೂ ಅದರಲ್ಲಿ ಸೇರಿದೆ. 2014ರಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ವಯನಾಡಾಗಲಿ ಸೊಲ್ಲಾಪುರವಾಗಲಿ, ಮನೆಯಲ್ಲಿ ಕನ್ನಡವಾಡಿ ಕಚೇರಿಗೆ ಮಲಯಾಳ, ಮರಾಠಿ, ಇಂಗ್ಲಿಷಿನಲ್ಲಿ ಬರೆಯುವ ಸಣ್ಣ ಟ್ರಸ್ಟುಗಳೂ ಅಗತ್ಯ ನೋಂದಣಿಯಿದ್ದರೆ ಅರ್ಜಿ ಸಲ್ಲಿಸಬಹುದು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ನ್ಯಾಸಾಪಹಾರವೂ ಇವೆ. ಕೂಟಲೇಖವೆಂದರೆ ವಂಚನೆಗಾಗಿ ಬರೆದ ಸುಳ್ಳು ಬರಹ. ಇಪ್ಪತ್ತು ಮಕ್ಕಳಿರುವ ಪಾಠಶಾಲೆಗೆ ಐವತ್ತು ಮಕ್ಕಳೆಂದು ಅರ್ಜಿಯಲ್ಲಿ ತೋರಿಸುವುದು ಇದೇ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ನ್ಯಾಸಾಪಹಾರ ಸೂಕ್ಷ್ಮವಾದುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ರೀತಿ ಗಮನಾರ್ಹ: ನಂಬಿ ಇರಿಸಿಹೋದ ಹೊನ್ನಿನ ಲೆಕ್ಕ ಮರೆತವನು ಬಂದು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದೆಂದು ಒಪ್ಪಿಬಿಡುವುದು. ಅವನು ಬೀಗ ಮುರಿಯಲಿಲ್ಲ; ಮತ್ತೊಬ್ಬನ ಮರೆವನ್ನು ತಿದ್ದಲಿಲ್ಲ, ಅಷ್ಟೆ. ಟ್ರಸ್ಟಿಗೆ ನ್ಯಾಸವೆಂಬ ಹೆಸರೂ ಉಂಟೆಂಬುದನ್ನು ಇಲ್ಲಿ ನೆನೆಯಬಹುದು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಮುಂಗಡವಾಗಿ ಬಂದ ಅನುದಾನದ ಮೇಲಿನ ಬ್ಯಾಂಕ್ ಬಡ್ಡಿಯನ್ನೂ ಸರ್ಕಾರಕ್ಕೆ ಹಿಂದಿರುಗಿಸಬೇಕು. ಕಚೇರಿಯವರು ಬಡ್ಡಿಯ ಲೆಕ್ಕ ಕೇಳಲು ಮರೆತ ವರ್ಷ ಸುಮ್ಮನಿರುವ ಧರ್ಮದರ್ಶಿಯು ಪೂಜ್ಯಪಾದರು ಹೇಳಿದ ಆ ಮನುಷ್ಯನೇ.

ಇದಕ್ಕಿಂತ ಕಠಿಣವಾದ ಸಂದರ್ಭವೂ ಒದಗಬಹುದು. ಓಲೆಗರಿಗಳ ರಕ್ಷಣೆಗೆ ಬಂದ ಹಣ ಖಾತೆಯಲ್ಲಿದೆ. ಮಳೆ ಆರಂಭವಾಗಿ ಬಸದಿಯ ಮಾಡು ಸೋರುತ್ತಿದೆ. ಎರಡೂ ಧರ್ಮಕಾರ್ಯವಲ್ಲವೇ ಎಂಬ ವಾದ ದುರ್ಬಲವಲ್ಲ; ಮಾಡು ಸೋರಿದರೆ ಓಲೆಯೂ ನೆನೆಯುತ್ತದೆ. ಆದರೆ ದಾನಿಯು ಕೊಟ್ಟದ್ದು ಓಲೆಗೆ. ಮಾಡಿನ ಪಾಲಿಗೆ ಅದು ಅದತ್ತ, ಕೊಡದಿರುವ ದ್ರವ್ಯ. ಹೇಳದೆ ತೆಗೆದರೆ ಆಮೇಲೆ ಹಣಬಳಕೆ ಪ್ರಮಾಣಪತ್ರದಲ್ಲಿ ಕೂಟಲೇಖವನ್ನೂ ಬರೆಯಬೇಕಾಗುತ್ತದೆ. ಉದ್ದೇಶ ಬದಲಾಯಿಸಲು ಲಿಖಿತ ಅನುಮತಿ ಕೇಳಬಹುದು. ಉತ್ತರ ಬರುವವರೆಗೆ ಓಲೆಕಟ್ಟುಗಳನ್ನು ತೇವವಿಲ್ಲದ ಕೋಣೆಗೆ ಸಾಗಿಸಿ, ಹಂಚಿನ ಖರ್ಚಿಗೆ ಶ್ರಾವಕರ ಮನೆಗಳಿಗೆ ಹೋಗಬೇಕು. ಆ ಹಣಕ್ಕೂ ರಸೀದಿ ಕೊಡಬೇಕು, ಮಾಡಿನ ದುರಸ್ತಿಗೆಂದೇ ಬರೆದು.