ಗೇಟಿನ ಬಳಿ ನಿಂತವನು ಯಾರು?

ನಾನು ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ. ಉದ್ಯೋಗದ ನಿಮಿತ್ತ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷಗಳಾದವು. ನಗರದ ಹೊರವಲಯದಲ್ಲಿ ನೂರಾರು ಮನೆಗಳಿರುವ, ಸುತ್ತಲೂ ಎತ್ತರದ ಕಾಂಪೌಂಡ್ ಇರುವ ಒಂದು ವಸತಿ ಸಮುಚ್ಚಯದಲ್ಲಿ ನಮ್ಮ ಸಂಸಾರದ ವಾಸ. ಎರಡು ವರ್ಷಗಳ ಹಿಂದೆ ನಮ್ಮ ನಿವಾಸಿಗಳ ಸಂಘವು ಮುಖ್ಯದ್ವಾರಕ್ಕೆ ಸ್ವಯಂಚಾಲಿತ ಗೇಟು ಹಾಕಿಸಿತು. ಸಮಿತಿಯಲ್ಲಿದ್ದ ನಾನೂ ಅದರ ಪರವಾಗಿ ಕೈಯೆತ್ತಿದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಬರೆಯುವುದು ಬೇರೆ ಯಾರ ಮೇಲಿನ ದೂರೂ ಅಲ್ಲ.

ಗೇಟು ಬಂದು ನಾಲ್ಕೈದು ತಿಂಗಳಾಗಿತ್ತು. ಮಳೆಗಾಲದ ಒಂದು ಸಂಜೆ ನಾವು ಮನೆಮಂದಿಯೆಲ್ಲ ಜಪಸರ ಪ್ರಾರ್ಥನೆಗೆ ಕುಳಿತಿದ್ದೆವು. ಪ್ರಾರ್ಥನೆಯ ಹೊತ್ತಿನಲ್ಲಿ ಫೋನುಗಳನ್ನು ಆಫ್ ಮಾಡಿ ಕಪಾಟಿನಲ್ಲಿಡುವುದು ನಮ್ಮ ಮನೆಯ ನಿಯಮ. ಮಕ್ಕಳಿಗೆ ಈ ಶಿಸ್ತು ಕಲಿಸಿದ್ದೇವೆಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅಂದು ಪ್ರಾರ್ಥನೆ, ಊಟ ಮುಗಿದ ಮೇಲೂ ಫೋನು ತೆಗೆಯುವುದು ಮರೆತುಹೋಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕಾವಲುಗಾರ ನನ್ನ ಕಾರಿನ ಬಳಿ ಓಡಿಬಂದ. ಅವನು ಹೂವಿನ ಹಡಗಲಿ ಕಡೆಯ ಹುಡುಗ. "ಸಾರ್, ನಿನ್ನೆ ರಾತ್ರಿ ನಿಮ್ಮೂರ ಕಡೆಯ ಮೇಸ್ತ್ರಿ ಬಂದಿದ್ದರು. ಒಂದು ತಾಸು ನಿಂತಿದ್ದರು. ನಿಮ್ಮ ಫೋನಿಗೆ ಮೂರು ಸಲ ಕೇಳಿಕೆ ಕಳಿಸಿದೆ, ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಒಳಗೆ ಬಿಡುವ ಹಾಗಿಲ್ಲವಲ್ಲ" ಎಂದ.

ಆ ಮೇಸ್ತ್ರಿ ಹರಪನಹಳ್ಳಿ ತಾಲ್ಲೂಕಿನವರು. ನಮ್ಮ ಸಮುಚ್ಚಯ ಕಟ್ಟುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿ, ಇದೇ ಕಾಂಪೌಂಡ್ ಗೋಡೆಯ ಕಲ್ಲು ಕಟ್ಟಿದವರು. ಒಂದೇ ಸೀಮೆಯವರೆಂಬ ಮಾತಿನಿಂದ ಬೆಳೆದ ಪರಿಚಯ, ಕ್ರಮೇಣ ಮನೆಯವರಂತೆ ಆಗಿತ್ತು. ಅಂದು ಅವರ ಮಗಳಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತಸ್ರಾವ ನಿಲ್ಲದೆ, ರಕ್ತ ಬೇಕಾಗಿತ್ತು. ನನ್ನ ರಕ್ತದ ಗುಂಪು ಅದೇ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಜೊತೆಯ ಗಾರೆಕೆಲಸದವನೊಬ್ಬ ರಕ್ತ ಕೊಟ್ಟ. ತಾಯಿ ಮಗು ಇಬ್ಬರೂ ಉಳಿದರು. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾನು ಮಣಿಗಳನ್ನು ಎಣಿಸುತ್ತಿದ್ದಾಗ ನನ್ನ ಬಾಗಿಲಿನಿಂದ ಇನ್ನೂರು ಗಜ ದೂರದಲ್ಲಿ ಒಬ್ಬ ತಂದೆ ಮಳೆಯಲ್ಲಿ ನಿಂತಿದ್ದ.

ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ಗೇಟಿಗೆ ನನ್ನ ಗುರುತಿಲ್ಲ" ಎಂದರು. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನಿಜವಾಗಿಯೂ ಯಾರದು ತಪ್ಪು? ಹುಡುಗ ನಿಯಮ ಪಾಲಿಸಿದ. ಯಂತ್ರ ಹೇಳಿದ ಕೆಲಸ ಮಾಡಿತು. ಸಮಿತಿ ಬಹುಮತದಿಂದ ತೀರ್ಮಾನಿಸಿತ್ತು. ನಾನು ಪ್ರಾರ್ಥನೆಯಲ್ಲಿದ್ದೆ. ಯಾರೂ ತಪ್ಪು ಮಾಡದೆಯೂ ಒಂದು ತಪ್ಪು ನಡೆದುಹೋಯಿತು. ಪ್ರಿಯ ಓದುಗರೇ, ಇಂಥ ತಪ್ಪಿಗೆ ಪಾಪನಿವೇದನೆಯಲ್ಲಿ ಏನೆಂದು ಹೆಸರು ಕೊಡುವುದು?

ಗೇಟಿಗೆ ಗೊತ್ತಿರುವುದೇನು?

ಮೊದಲು ಈ ಯಂತ್ರದ ಸ್ವಭಾವ ತಿಳಿಯೋಣ. ಕಾರಿನ ಮುಂಗಾಜಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರೊಳಗೆ ತೆಳುವಾದ ಆಂಟೆನಾ, ಸಾಸಿವೆಗಿಂತ ಚಿಕ್ಕದಾದ ಚಿಪ್ಪು. ಅದಕ್ಕೆ ಬ್ಯಾಟರಿ ಇಲ್ಲ. ಗೇಟಿನ ಕಂಬದ ಮೇಲಿರುವ ಓದುಗಯಂತ್ರವು ಹೊರಡಿಸುವ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು, ಚಿಪ್ಪು ತನ್ನ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ಪಟ್ಟಿಯಲ್ಲಿದ್ದರೆ ಅಡ್ಡದಂಡ ಮೇಲೇಳುತ್ತದೆ; ಇಲ್ಲದಿದ್ದರೆ ಇಲ್ಲ. ಹೆದ್ದಾರಿಯ ಟೋಲ್‌ಗಳಲ್ಲಿ 2021ರ ಫೆಬ್ರವರಿಯಿಂದ ಕಾರು, ಬಸ್ಸು, ಲಾರಿಗಳಿಗೆ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಇದೇ ಬಗೆಯದು. ಕೆಲವು ಕಡೆ ಕ್ಯಾಮೆರಾ ವಾಹನದ ನಂಬರ್ ಫಲಕವನ್ನೇ ಓದುತ್ತದೆ. ನಡೆದು ಬರುವ ಅತಿಥಿಗಾದರೆ ಕಾವಲುಗಾರನು ಮನೆಯವರ ಫೋನಿಗೆ ಕೇಳಿಕೆ ಕಳಿಸಿ ಒಪ್ಪಿಗೆ ಪಡೆಯಬೇಕು. ಇಂಥ ಏರ್ಪಾಡನ್ನು ಮನೆಮಾತಾಗಿಸಿದ ಮೈಗೇಟ್ ಸಂಸ್ಥೆ 2016ರಲ್ಲಿ ಹುಟ್ಟಿದ್ದೂ ಬೆಂಗಳೂರಿನಲ್ಲಿಯೇ.

ಇನ್ನೊಂದು ಸಂಗತಿ ನನಗೆ ಗೇಟು ಕೂಡಿಸಲು ಬಂದ ತಂತ್ರಜ್ಞನಿಂದ ತಿಳಿಯಿತು. ಅಡ್ಡದಂಡ ಕಾರಿನ ಮೇಲೆ ಬೀಳದಂತೆ ರಸ್ತೆಯ ಕೆಳಗೆ ತಂತಿಯ ಸುರುಳಿ ಹೂಳಿರುತ್ತಾರೆ. ಮೇಲೆ ವಾಹನ ನಿಂತರೆ ಆ ಸುರುಳಿ ಅದರ ಲೋಹವನ್ನು ಗುರುತಿಸಿ ದಂಡವನ್ನು ತಡೆಯುತ್ತದೆ. ಆದರೆ ಮಗು ನಿಂತರೆ ಅದಕ್ಕೆ ತಿಳಿಯುವುದಿಲ್ಲ. ಮನುಷ್ಯರ ಸಲುವಾಗಿ ಬೆಳಕಿನ ಕಿರಣದ ಇನ್ನೊಂದು ಕಣ್ಣನ್ನು ಬೇರೆಯಾಗಿ ಹಾಕಿಸಬೇಕು. ನಮ್ಮ ಮೊದಲ ಪಟ್ಟಿಯಲ್ಲಿ ಅದು ಇರಲಿಲ್ಲ. ಕಬ್ಬಿಣಕ್ಕೆ ಏನೂ ಆಗಬಾರದೆಂಬ ಎಚ್ಚರ ನಮಗೆ ಮೊದಲು ಬಂತು. ಮೈಮಾಂಸದ ನೆನಪು ಆಮೇಲೆ ಬಂತು.

ಹಿಂದಿನ ಅಗಸೆಬಾಗಿಲು

ಹಾಗಾದರೆ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಹೇಳಿಬಿಡೋಣವೇ? ನಮ್ಮ ಸೀಮೆಯಲ್ಲಿ ಬಾಗಿಲು, ಕೋಟೆಗಳಿಗೇನೂ ಕಡಿಮೆಯಿಲ್ಲ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳು ಪಾಳೆಯಗಾರರು ಆಳಿದ ನೆಲ. ಹಳ್ಳಿಹಳ್ಳಿಗೂ ಅಗಸೆಬಾಗಿಲು ಇತ್ತು. ಕತ್ತಲಾದ ಮೇಲೆ ಅದನ್ನು ಮುಚ್ಚುತ್ತಿದ್ದರು. ತಳವಾರನಿಗೆ ಊರಿನ ಪ್ರತಿಯೊಬ್ಬನ ದನಿಯೂ ಗೊತ್ತಿತ್ತು. ಆದರೆ ಅವನಿಗೆ ಪ್ರತಿಯೊಬ್ಬನ ಜಾತಿಯೂ ಗೊತ್ತಿತ್ತು. ಅಗಸೆಯ ಹೊರಗೆ ಕೇರಿಗಳಿದ್ದವು. ಅಲ್ಲಿಯವರಿಗೆ ಊರೊಳಗೆ ಚಪ್ಪಲಿ ಮೆಟ್ಟಿ ನಡೆಯುವ ಹಕ್ಕಿರಲಿಲ್ಲ. ಗುರುತು ಹಿಡಿಯುವ ಕಣ್ಣೇ ದೂರ ಇಡುವ ಕಣ್ಣೂ ಆಗಿತ್ತು. ಆ ಲೆಕ್ಕದಲ್ಲಿ ಇಂದಿನ ಯಂತ್ರ ಮೇಲು. ಅದು ಜಾತಿ ಕೇಳುವುದಿಲ್ಲ, ಮೈಬಣ್ಣ ನೋಡುವುದಿಲ್ಲ, ಲಂಚ ತಿನ್ನುವುದಿಲ್ಲ.

ಭಯವನ್ನೂ ನಾವು ಹಗುರವಾಗಿ ಕಾಣಬಾರದು. ಒಂಟಿಯಾಗಿರುವ ಮುದುಕಿಗೆ, ಕೆಲಸಕ್ಕೆ ಹೋಗುವ ದಂಪತಿಗಳ ಮಕ್ಕಳಿಗೆ ರಕ್ಷಣೆ ಬೇಕು. ಪವಿತ್ರ ಗ್ರಂಥವೂ ಗೋಡೆಯನ್ನು ನಿಂದಿಸುವುದಿಲ್ಲ. ನೆಹೆಮೀಯನು ಜೆರುಸಲೇಮಿನ ಬಿದ್ದ ಗೋಡೆಗಳನ್ನು ಕಟ್ಟಿಸಿ ಬಾಗಿಲುಗಳನ್ನಿರಿಸಿ, ದ್ವಾರಪಾಲಕರನ್ನು ನೇಮಿಸಿದ ವೃತ್ತಾಂತ ನಮಗೆ ಗೊತ್ತೇ ಇದೆ. ಬಾಗಿಲು ಇರುವುದು ಪಾಪವಲ್ಲ. ಬಾಗಿಲನ್ನು ನಾವು ಯಾವ ಕೆಲಸಕ್ಕೆ ಬಳಸುತ್ತೇವೆ ಎಂಬುದೇ ಪ್ರಶ್ನೆ.

ಧನಿಕನ ಪಾಪ ಯಾವುದು?

ಸಂತ ಲೂಕರ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯೊಂದಿದೆ. ಧನಿಕನೊಬ್ಬ ದಿನವೂ ಔತಣ ಉಣ್ಣುತ್ತಿದ್ದ. ಲಾಜರನೆಂಬ ಬಡವ ಹುಣ್ಣು ತುಂಬಿದ ಮೈಯಲ್ಲಿ ಅವನ ಬಾಗಿಲ ಬಳಿ ಬಿದ್ದಿದ್ದ. ಇದನ್ನು ನಾನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೇನೆ. ಆ ಮಳೆಯ ರಾತ್ರಿಯ ನಂತರ ಮತ್ತೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಧನಿಕನು ಲಾಜರನನ್ನು ಹೊಡೆದ, ಬೈದ, ಓಡಿಸಿದ ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಅವನು ಯಾವ ಕಾನೂನನ್ನೂ ಮುರಿದಂತೆ ಕಾಣುವುದಿಲ್ಲ. ಅವನಿಗೂ ಲಾಜರನಿಗೂ ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ, ಮತ್ತು ಆ ಬಾಗಿಲಿನ ದೆಸೆಯಿಂದ ಅವನು ನೋಡುವ ಅಗತ್ಯವೇ ಬೀಳಲಿಲ್ಲ.

ಆದರೂ ಆ ಧನಿಕನು ಹೊರಗೆ ಬರುವಾಗ, ಹೋಗುವಾಗ ಲಾಜರನನ್ನು ದಾಟಿಕೊಂಡೇ ಹೋಗಬೇಕಿತ್ತು. ಕಾಣದಂತೆ ನಟಿಸುವ ಶ್ರಮವನ್ನು ಅವನೇ ಪಡಬೇಕಿತ್ತು. ನಮ್ಮ ಗೇಟು ಆ ಶ್ರಮವನ್ನೂ ಉಳಿಸಿದೆ. ಕಾರಿನ ಗಾಜು ಇಳಿಸಬೇಕಾಗಿಲ್ಲ. ದಂಡ ತಾನಾಗಿ ಏಳುತ್ತದೆ. ಹೊರಗೆ ನಿಂತವರಿಗೆ 'ಇಲ್ಲ' ಎಂದು ಹೇಳುವ ಕಷ್ಟವನ್ನು ಯಂತ್ರ ಹೊತ್ತುಕೊಂಡಿದೆ. ಒಬ್ಬ ಮನುಷ್ಯನ ಮುಖ ನೋಡಿ ಬಾಗಿಲು ಹಾಕುವುದು ಯಾರಿಗೂ ಸುಲಭವಲ್ಲ. ಹಾಗೆ ಸುಲಭವಾಗದಿರುವುದೇ ನಮ್ಮ ಅಂತಃಕರಣದ ಸಾಕ್ಷಿ. ಆ ಕಷ್ಟವನ್ನು ಹಣ ಕೊಟ್ಟು ಇಲ್ಲವಾಗಿಸಿಕೊಂಡರೆ ಅಂತಃಕರಣಕ್ಕೆ ಕೆಲಸವೇ ಇಲ್ಲದಂತಾಗುತ್ತದೆ. ನನ್ನ ತಪ್ಪಿನ ಹೆಸರು ಇದೇ ಎಂದು ನನಗೆ ಅನಿಸುತ್ತದೆ. ನಾನು ನನ್ನ ಕಾವಲನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಲಿಲ್ಲ. ನನ್ನ ನೆರೆಯವನನ್ನು ನೋಡುವ ಹೊಣೆಯನ್ನೂ ಒಪ್ಪಿಸಿಬಿಟ್ಟಿದ್ದೆ.

ಕಟ್ಟಿದವರು ಹೊರಗೆ

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಳಲ್ಲಿ 'ಗುಳೆ' ಎಂಬ ಮಾತನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟು ಜೋಳ, ಶೇಂಗಾ ಒಣಗಿದ ವರ್ಷ ಮನೆಗೆ ಬೀಗ ಹಾಕಿ, ಮುದುಕರ ಕೈಗೆ ಮಕ್ಕಳನ್ನೊಪ್ಪಿಸಿ, ಚಿತ್ರದುರ್ಗದ ಮಾರ್ಗವಾಗಿ ರಾತ್ರಿ ಬಸ್ಸು ಹತ್ತುತ್ತಾರೆ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ನಮ್ಮ ಸೀಮೆಯವರ ಬೆವರಿದೆ. ಕಟ್ಟುವಾಗ ಅವರು ಹಗಲಿರುಳು ಅಲ್ಲಿಯೇ ಇರಬೇಕು. ಕಟ್ಟಿ ಮುಗಿದು ಗೇಟು ಬಂದ ದಿನದಿಂದ ಅವರು ಅಪರಿಚಿತರು. ಗೇಟು ಕಾಯುವವನೂ ಅದೇ ಸೀಮೆಯವನು. ಆ ರಾತ್ರಿ ಹಡಗಲಿಯ ಹುಡುಗನೊಬ್ಬ ಹರಪನಹಳ್ಳಿಯ ಹಿರಿಯನಿಗೆ ಒಳಗೆ ಬಿಡಲಾರೆನೆಂದು ಹೇಳಬೇಕಾಯಿತು. ತಾನು ಅವರನ್ನು ಬಲ್ಲೆನೆಂಬ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಆ ಹುಡುಗನಿಂದ ನಾವು ಕಿತ್ತುಕೊಂಡದ್ದು ಇದನ್ನೇ. ಮನುಷ್ಯನನ್ನು ಗುರುತಿಸಿ ತೀರ್ಮಾನ ಮಾಡುವ ಯೋಗ್ಯತೆ ಅವನಿಗಿದ್ದರೂ ಅದನ್ನು ಬಳಸಬೇಡವೆಂದು ಅವನಿಗೆ ಸಂಬಳ ಕೊಡುತ್ತಿದ್ದೆವು.

ಕಾನೂನು ಕೂಡ ಒಂದು ಗೆರೆ ಎಳೆದಿದೆ. ಅಪಾರ್ಟ್‌ಮೆಂಟಿನ ಆವರಣ ಅದರ ಮಾಲೀಕರದು, ನಿಜ. ಆದರೆ ಬಡಾವಣೆಗಳಲ್ಲಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆಗಳು ಸಾರ್ವಜನಿಕರವು, ಗೇಟು ಹಾಕಿ ಜನರನ್ನು ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಹೇಳಿತು. ದಿವಂಗತ ವಿಶ್ವಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ, ಸುಂದರವಾದ ಜಾಗಗಳು ಕೆಲವರ ಸ್ವತ್ತಾಗಿ ಹೊರಗಿನವರಿಗೆ ಮುಚ್ಚಿಹೋಗುವುದನ್ನು ಕುರಿತು ನೋವಿನಿಂದ ಬರೆದರು. 2020ರ 'ಫ್ರತೆಲ್ಲಿ ತೂತ್ತಿ' ಪರಿಪತ್ರದಲ್ಲಿ, ಗೋಡೆ ಎಬ್ಬಿಸುವವರು ಕೊನೆಗೆ ತಾವೇ ಅದರೊಳಗೆ ಸೆರೆಯಾಗುತ್ತಾರೆಂದು ಎಚ್ಚರಿಸಿದರು.

ಮಾಡಬಹುದಾದ ಕೆಲವು ಕೆಲಸಗಳು

ಗೇಟು ಕಿತ್ತುಹಾಕಿರೆಂದು ನಾನು ಹೇಳುವುದಿಲ್ಲ. ಆದರೆ ಅದರ ನಿಯಮಗಳನ್ನು ಬರೆಯುವವರು ನಾವೇ, ಯಂತ್ರ ಬರೆಯುವುದಿಲ್ಲ. ಆದುದರಿಂದ ಸಮಿತಿಯ ಮುಂದೆ ಕೆಲವು ಮಾತುಗಳನ್ನಿಟ್ಟೆ. ನಡೆದು ಬರುವವರಿಗೆ ಬೇರೆ ದಾರಿ, ಮಳೆ ಬಿಸಿಲಿಗೆ ನೆರಳು, ಕೂರಲು ಬೆಂಚು, ಕುಡಿಯಲು ನೀರು ಇರಲಿ. ಖರ್ಚು ಉಳಿಸಲು ತೆಗೆದಿದ್ದ ಇಂಟರ್‌ಕಾಮ್ ಮರಳಿ ಬರಲಿ. ಫೋನು ಸತ್ತರೂ ಮನೆಯ ಗಂಟೆ ಬಾರಿಸಲಿ. ಅಡ್ಡದಂಡಕ್ಕೆ ಮಗುವನ್ನು ಕಾಣುವ ಕಣ್ಣು ಬೇಕು. ವರ್ಷಗಟ್ಟಲೆ ಮನೆಗೆಲಸಕ್ಕೆ ಬರುವ ತಾಯಂದಿರನ್ನು ದಿನವೂ ಅಪರಿಚಿತರಂತೆ ನಿಲ್ಲಿಸಿ, ಅವರ ಚೀಲ ಮಾತ್ರ ತಪಾಸಣೆ ಮಾಡುವುದು ನಿಲ್ಲಲಿ. ಬಂದುಹೋದವರ ಫೋಟೋ, ಫೋನ್ ಸಂಖ್ಯೆಗಳನ್ನು ಇಂತಿಷ್ಟು ದಿನವಾದ ಮೇಲೆ ಅಳಿಸಿಹಾಕಲಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ದೇಶದಲ್ಲಿ 2023ರಲ್ಲಿ ಕಾಯಿದೆ ಆಗಿದೆ. ಕೊನೆಯದಾಗಿ, ಆಪತ್ತಿನ ಸಮಯದಲ್ಲಿ ಕಾವಲುಗಾರನು ತನ್ನ ವಿವೇಚನೆಯಿಂದ ಒಬ್ಬರನ್ನು ಜೊತೆಗೆ ಕರೆದುಕೊಂಡು ಮನೆಬಾಗಿಲಿಗೆ ಬರುವ ಅಧಿಕಾರ ಅವನಿಗಿರಲಿ.

ಬೆಂಚು ಬಂತು, ನೆರಳು ಬಂತು, ಇಂಟರ್‌ಕಾಮ್ ಮರಳಿತು. ಮಗುವಿನ ವಿಚಾರಕ್ಕೆ ಎಲ್ಲರೂ ಕೂಡಲೇ ಒಪ್ಪಿದರು. ಚೀಲದ ತಪಾಸಣೆಯ ಬಗ್ಗೆ ಚರ್ಚೆ ನಡೆಯುತ್ತಿದೆ. ಕಾವಲುಗಾರನ ವಿವೇಚನೆಯ ವಿಷಯ ಮಾತ್ರ ಬಿದ್ದುಹೋಯಿತು. "ನಾಳೆ ಏನಾದರೂ ಆದರೆ ಹೊಣೆ ಯಾರು?" ಎಂದು ಒಬ್ಬರು ಕೇಳಿದರು. ಅವರ ಮನೆಯಲ್ಲಿ ಒಮ್ಮೆ ಕಳುವಾಗಿತ್ತು. ಅವರ ಪ್ರಶ್ನೆ ಸುಳ್ಳಲ್ಲ. ಆದರೆ ಆ ರಾತ್ರಿ ಆಸ್ಪತ್ರೆಯಲ್ಲಿ ಏನಾದರೂ ಆಗಿದ್ದರೆ ಹೊಣೆ ಯಾರು ಎಂದು ನಾನು ಕೇಳಿದಾಗ ಸಭೆ ಸುಮ್ಮನಾಯಿತು. ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು ನಮಗೆ ತಾನಾಗಿ ಹೊಳೆಯುತ್ತದೆ. ಎರಡನೆಯದನ್ನು ಯಾರಾದರೂ ಕೇಳಬೇಕಾಗುತ್ತದೆ. ಕ್ರೈಸ್ತರಾದ ನಾವು ಸಭೆಗಳಲ್ಲಿ, ಸಂಘಗಳಲ್ಲಿ ಅದನ್ನು ಕೇಳುವವರಾಗಬೇಕು. ಮುಂದಿನ ವಾರ್ಷಿಕ ಸಭೆಯಲ್ಲಿ ಮತ್ತೆ ಕೇಳುವವನಿದ್ದೇನೆ.

ಇದು ದೊಡ್ಡ ನಗರದ ಮಾತು, ನಮಗೇಕೆ ಎಂದು ಊರಿನಲ್ಲಿರುವ ಬಂಧುಗಳು ಅಂದುಕೊಳ್ಳಬಹುದು. ಗೇಟು ಇಲ್ಲದ ಮನೆಗಳಲ್ಲಿಯೂ ನೋಡದಿರುವ ಉಪಾಯಗಳಿವೆ. ಬಾಗಿಲು ತಟ್ಟಿದವರಿಗೆ ಮಕ್ಕಳಿಂದ 'ಅಪ್ಪ ಮನೆಯಲ್ಲಿಲ್ಲ' ಎಂದು ಹೇಳಿಸುವುದೂ ಒಂದು ಅಡ್ಡದಂಡವೇ. ಈ ವಾರ ಮನೆಯವರೆಲ್ಲ ಕೂಡಿ ಕುಳಿತಾಗ ಕೇಳಿಕೊಳ್ಳೋಣ: ನಮ್ಮ ಬಾಗಿಲಿಗೆ ಬರುವ ಬಡವರಲ್ಲಿ ಎಷ್ಟು ಜನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಆ ಸಾಮತಿಯಲ್ಲಿ ಧನಿಕನಿಗೆ ಹೆಸರಿಲ್ಲ. ಬಾಗಿಲಲ್ಲಿ ಬಿದ್ದವನಿಗೆ ಪ್ರಭು ಹೆಸರಿಟ್ಟು ಕರೆದಿದ್ದಾರೆ.

ಮೇಸ್ತ್ರಿಯ ಮೊಮ್ಮಗುವಿಗೆ ಈಗ ಹಲ್ಲು ಬಂದಿದೆ. ಕಳೆದ ತಿಂಗಳು ಎತ್ತಿಕೊಂಡು ಬಂದಿದ್ದರು. ಇಂಟರ್‌ಕಾಮ್ ಬಾರಿಸಿದ ಕೂಡಲೇ ನಾನೇ ಇಳಿದು ಹೋಗಿ, ಗೇಟಿನವರೆಗೆ ನಡೆದು ಅವರನ್ನು ಕರೆತಂದೆ. ನಮ್ಮ ಮನೆಯಲ್ಲಿ ಈಗ ಜಪಸರದ ಹೊತ್ತಿನಲ್ಲಿ ಫೋನು ಆಫ್ ಮಾಡುವುದಿಲ್ಲ. ಒಂದೊಂದು ಸಲ ಅದು ಪ್ರಾರ್ಥನೆಯ ನಡುವೆ ಬಾರಿಸುತ್ತದೆ. ಆಗ ಒಬ್ಬರು ಎದ್ದು ಹೋಗಿ ನೋಡಿ ಬರುತ್ತೇವೆ. ಮಿಕ್ಕವರು ಪ್ರಾರ್ಥನೆ ಮುಂದುವರಿಸುತ್ತಾರೆ.