ಉಪಕಾರಸ್ಮರಣೆಯ ಮಾತು

ಕಳೆದ ಬೆಳೆಹಬ್ಬದಲ್ಲಿ ಬಂದ ಕಾಣಿಕೆಗಳನ್ನು ಹರಾಜು ಹಾಕಿ, ದೊರೆತ ಹಣದಲ್ಲಿ ಒಂದು ಪಾಲನ್ನು ನಮ್ಮ ಸಭೆಯವರು ಪಟ್ಟಣದಲ್ಲಿ ಓದುತ್ತಿರುವ ಒಬ್ಬ ಬಡ ಹುಡುಗನ ಕಾಲೇಜಿನ ಶುಲ್ಕಕ್ಕಾಗಿ ಕಳುಹಿಸಿದರು. ಹಣ ಸೇರಿದ ದಿನವೇ ಸಭಾಪಾಲಕರ ಫೋನಿಗೆ ಅವನಿಂದ ಉತ್ತರ ಬಂದಿತು. ಅದರಲ್ಲಿದ್ದದ್ದು ‘ಥ್ಯಾಂಕ್ಸ್’ ಎಂಬ ಒಂದೇ ಮಾತು, ಅದರ ಪಕ್ಕದಲ್ಲಿ ಜೋಡಿಸಿದ ಎರಡು ಕೈಗಳ ಸಣ್ಣ ಚಿತ್ರ. ಆರಾಧನೆಯಾದ ತರುವಾಯ ಇದನ್ನು ಸಭೆಗೆ ತಿಳಿಸಿದಾಗ ಒಬ್ಬ ವೃದ್ಧ ವಿಧವೆಯು, “ಹುಡುಗನು ಇನ್ನೇನೂ ಹೇಳಲಿಲ್ಲವೋ?” ಎಂದು ಕೇಳಿದಳು. ಕೊಟ್ಟದ್ದಕ್ಕೆ ಮನುಷ್ಯರ ಹೊಗಳಿಕೆಯನ್ನು ಬಯಸುವುದು ಕ್ರೈಸ್ತರಿಗೆ ತಕ್ಕದ್ದಲ್ಲವೆಂದು ಕೆಲವರು ಆಕೆಯನ್ನು ಗದರಿಸಿದರು. ನಾವೂ ತಲೆಯಾಡಿಸಿದೆವು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ.

ನಮ್ಮ ಹಿರಿಯರು ದಿನಬಳಕೆಯಲ್ಲಿ ‘ಧನ್ಯವಾದ’ವೆಂಬ ಶಬ್ದವನ್ನು ಆಡಿದವರಲ್ಲ. ಅದು ಸಭೆಸಮಾರಂಭಗಳ ಮಾತು. ಗಂಜಿ ಬಡಿಸಿದ ತಾಯಿಗೆ ವಂದನೆ ಹೇಳುವ ಮಗನನ್ನು ಕಂಡರೆ ಹಳ್ಳಿಯವರು ಇವನಿಗೇನಾಯಿತೆಂದು ನೋಡಿಯಾರು. ಬಿಸಿಲಿನಲ್ಲಿ ನೀರು ಕೊಟ್ಟವರಿಗೆ, “ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಹರಸುವುದುಂಟು. ಅದು ವಂದನೆಗಿಂತ ಹೆಚ್ಚಿನದೇ ಸರಿ. ಇದು ನಮ್ಮೊಬ್ಬರ ರೀತಿಯೂ ಅಲ್ಲ. ಬೇರೆ ಬೇರೆ ಖಂಡಗಳ ಎಂಟು ಭಾಷೆಗಳವರ ನಿತ್ಯದ ಮಾತುಕತೆಯನ್ನು ಪರಿಶೀಲಿಸಿದ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಪ್ರಕಾರ, ಮನೆಮಂದಿಯೂ ನೆರೆಯವರೂ ಕೇಳಿದ ಸಣ್ಣ ಸಹಾಯ ದೊರೆತಾಗ ವಂದನೆ ಹೇಳುವುದು ಸುಮಾರು ಇಪ್ಪತ್ತರಲ್ಲಿ ಒಂದು ಸಲ ಮಾತ್ರ. ಅವುಗಳಲ್ಲಿ ಒಂದಾದ, ಎಕ್ವಡಾರ್ ದೇಶದ ಚಾಪಲಾ ಎಂಬ ಭಾಷೆಯಲ್ಲಿ ಅದಕ್ಕೆ ರೂಢಿಯ ಮಾತೇ ಇಲ್ಲವಂತೆ. ಆದಕಾರಣ ಅವರೆಲ್ಲರೂ ಉಪಕಾರವನ್ನು ಮರೆಯುವವರೆಂದು ಯಾರು ಹೇಳಬಲ್ಲರು? ನಮ್ಮ ಗದ್ದೆಯ ನಾಟಿಗೆ ಬಂದವನ ಗದ್ದೆಗೆ ನಾವು ಮುಯ್ಯಾಳಾಗಿ ಹೋಗುತ್ತೇವೆ. ಅಲ್ಲಿ ಬಾಯಿ ಸುಮ್ಮನಿದ್ದರೂ ಕೈ ಮಾತನಾಡುತ್ತದೆ.

ಆದರೆ ದೂರದ ಪಟ್ಟಣದಲ್ಲಿರುವ ಹುಡುಗನು ಯಾರ ಗದ್ದೆಗೆ ಮುಯ್ಯಿಗೆ ಬಂದಾನು? ಕೈ ಮುಟ್ಟದ ಕಡೆಗೆ ಮಾತೇ ಹೋಗಬೇಕಲ್ಲದೆ ಬೇರೆ ದಾರಿಯಿಲ್ಲ. ಅಂಥ ಮಾತು ಎಂಥದ್ದಾಗಿರಬೇಕೆಂಬುದೇ ಇಲ್ಲಿನ ಪ್ರಶ್ನೆ.

ಅದು ಸುಲಭವಾಗಿ ಕೆಡುವ ಮಾತು. ಈಗಿನವರು ಇಮೇಲಿನಲ್ಲಿ ಏನನ್ನಾದರೂ ಬೇಡಿ, ಕೊನೆಯಲ್ಲಿ ‘ಮುಂಚಿತವಾಗಿ ವಂದನೆಗಳು’ ಎಂದು ಬರೆಯುತ್ತಾರೆ. ಬೂಮರಾಂಗ್ ಎಂಬ ಇಮೇಲ್ ಸಂಸ್ಥೆಯವರು 2017ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪತ್ರವ್ಯವಹಾರಗಳನ್ನು ಲೆಕ್ಕಹಾಕಿ, ಹೀಗೆ ಮುಗಿದ ಪತ್ರಗಳಿಗೆ ನೂರರಲ್ಲಿ 65ಕ್ಕೆ ಉತ್ತರ ಬಂದಿತೆಂದೂ, ಎಲ್ಲಾ ಪತ್ರಗಳ ಸರಾಸರಿಯು 48ಕ್ಕಿಂತ ಕಡಿಮೆಯೆಂದೂ ತಿಳಿಸಿದರು. ಇದನ್ನು ಓದಿ ನಮಗೆ ನಗೆಯೂ ಬಂತು, ನಾಚಿಕೆಯೂ ಆಯಿತು. ಕಚೇರಿಗಳಿಗೆ ನಾವೂ ಹಾಗೆಯೇ ಬರೆದವರು. ಇನ್ನೂ ಮಾಡದ ಉಪಕಾರಕ್ಕೆ ಮೊದಲೇ ವಂದಿಸುವುದೆಂದರೆ, ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಎದುರಿನವನಿಂದ ಮೆಲ್ಲಗೆ ಕಸಿದುಕೊಂಡಂತೆ. (ದೇವರಿಗೆ ಮುಂಚಿತವಾಗಿ ಸ್ತೋತ್ರ ಸಲ್ಲಿಸುವುದು ಬೇರೆ, ಅದು ನಂಬಿಕೆಯ ಕಾರ್ಯ. ಗುಮಾಸ್ತನ ವಿಷಯದಲ್ಲಿ ಅದು ಉಪಾಯ.)

ಅಪೊಸ್ತಲನಾದ ಪೌಲನ ರೀತಿಯನ್ನು ನೋಡೋಣ. ಅವನು ಸೆರೆಯಲ್ಲಿದ್ದಾಗ ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಸಹಾಯವನ್ನು ಕಳುಹಿಸಿದರು. ಪೌಲನು ಅವರಿಗೆ ಬರೆದ ಪತ್ರಿಕೆಯ ಮೊದಲಲ್ಲಿ ಅವರ ನಿಮಿತ್ತ ದೇವರಿಗೆ ಸ್ತೋತ್ರ ಮಾಡುತ್ತಾನೆ. ಕೊನೆಯಲ್ಲಿ ಆ ಸಹಾಯದ ಪ್ರಸ್ತಾಪ ಬಂದಾಗಲಾದರೋ, ನಿಮಗೆ ವಂದನೆ ಎಂಬ ಮಾತನ್ನು ನೇರವಾಗಿ ಆಡುವುದೇ ಇಲ್ಲ! ಆದರೆ ಅವರು ಮಾಡಿದ್ದನ್ನು ಒಂದೊಂದಾಗಿ ನೆನೆಯುತ್ತಾನೆ: ತಾನು ಮಕೆದೋನ್ಯವನ್ನು ಬಿಟ್ಟು ಹೊರಟಾಗ ಬೇರೆ ಯಾವ ಸಭೆಯೂ ತನ್ನೊಡನೆ ಪಾಲುಗಾರರಾಗಲಿಲ್ಲವೆಂದೂ, ಥೆಸಲೊನೀಕದಲ್ಲಿದ್ದಾಗಲೇ ಅವರು ಒಂದೆರಡು ಸಲ ಕಳುಹಿಸಿದರೆಂದೂ, ಕಾಣಿಕೆ ತಂದ ಎಪಫ್ರೊದೀತನು ಆ ಸೇವೆಯಲ್ಲಿಯೇ ರೋಗಬಿದ್ದು ಸಾಯುವಂತಿದ್ದನೆಂದೂ ಬರೆಯುತ್ತಾನೆ. ಇಷ್ಟನ್ನು ಕೇಳಿದ ಮೇಲೆ ತಮ್ಮ ಕಾಣಿಕೆಯು ಎಲ್ಲಿ ಮುಟ್ಟಿತೆಂದು ಫಿಲಿಪ್ಪಿಯವರಿಗೆ ಸಂದೇಹ ಉಳಿದಿರದು. ರೋಮದವರಿಗೆ ಬರೆದ ಪತ್ರಿಕೆಯ ಕಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಹೆಸರೆತ್ತಿ ವಂದಿಸಿದ್ದಾನೆ. ಅಲ್ಲಿ ಪ್ರಿಸ್ಕ ಅಕ್ವಿಲರು ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರೆಂಬ ಕಾರಣವನ್ನೂ ಹೇಳದೆ ಬಿಟ್ಟಿಲ್ಲ.

ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಸಮಾರ್ಯದವನೊಬ್ಬನೇ ಎಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಬಾರದ ಒಂಬತ್ತು ಮಂದಿಯ ಕ್ಷೇಮವನ್ನು ಕರ್ತನು ಹಿಂದಕ್ಕೆ ತೆಗೆದುಕೊಂಡನೆಂದು ಎಲ್ಲಿಯೂ ಬರೆದಿಲ್ಲ. ಉಳಿದವರು ಎಲ್ಲಿ ಎಂದು ಕೇಳಿದನಷ್ಟೆ. ಕೊಟ್ಟವರು ಹಾಗೆ ಕೇಳುವುದು ಬೆಲೆಯನ್ನು ವಸೂಲು ಮಾಡುವುದಕ್ಕಲ್ಲ. ನಮ್ಮ ವಿಧವೆಯ ಪ್ರಶ್ನೆಯೂ ಅದೇ ಜಾತಿಯದೆಂದು ನಮಗೆ ತಡವಾಗಿ ಹೊಳೆಯಿತು. ತಾನು ಕೊಟ್ಟದ್ದು ಮುಟ್ಟಿತೋ ಎಂದು ತಿಳಿಯುವುದಷ್ಟೇ ಆಕೆಗೆ ಬೇಕಾಗಿತ್ತು.

ಹುಡುಗನನ್ನು ದೂರುವ ಮುಂಚೆ ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಅವನಿಗೆ ಸೇರಿದ್ದು ಬರೀ ಒಂದು ಸಂಖ್ಯೆ. ಅದರ ಹಿಂದೆ ಯಾರ ಕೋಳಿ, ಯಾರ ರಾಗಿ, ಯಾರ ಕುಂಬಳಕಾಯಿ ಇತ್ತೆಂದು ನಾವು ಅವನಿಗೆ ತಿಳಿಸಿದ್ದೆವೇ? ಹೆಸರು ತಿಳಿಯದವನು ಹೆಸರೆತ್ತಿ ವಂದಿಸುವುದು ಹೇಗೆ? ಆ ವಾರವೇ ಹರಾಜಿನ ಪಟ್ಟಿಯನ್ನು ನಕಲು ಮಾಡಿ ಅವನಿಗೆ ಕಳುಹಿಸಿದೆವು. ಪತ್ರ ಬರೆಯೆಂದು ಮಾತ್ರ ಹೇಳಲಿಲ್ಲ.

ಹದಿನೈದು ದಿವಸಗಳಲ್ಲಿ ಅಂಚೆಯಲ್ಲಿ ಎರಡು ಹಾಳೆಯ ಕಾಗದ ಬಂದಿತು. ಅಕ್ಷರ ಚೆನ್ನಾಗಿರಲಿಲ್ಲ, ತಪ್ಪುಗಳೂ ಇದ್ದವು. ವಿಧವೆಯ ಅಂಗಳದ ಕುಂಬಳ ಬಳ್ಳಿಯನ್ನು ತಾನು ಚಿಕ್ಕವನಾಗಿದ್ದಾಗ ತುಳಿದು ಬೈಸಿಕೊಂಡದ್ದನ್ನೂ, ಅದೇ ಬಳ್ಳಿಯ ಕಾಯಿ ಈಗ ತನ್ನನ್ನು ಪರೀಕ್ಷೆಗೆ ಕೂರಿಸಿತೆಂಬುದನ್ನೂ ಬರೆದಿದ್ದನು. ಓದು ಬಾರದ ಆಕೆಗಾಗಿ ನಾವು ಆ ಭಾಗವನ್ನು ಎರಡು ಸಲ ಓದಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಆ ಬಳ್ಳಿಯಲ್ಲ, ಆಮೇಲೆ ಹಾಕಿದ್ದು, ಕೊಟ್ಟದ್ದೂ ಒಂದಲ್ಲ, ಎರಡು ಕಾಯಿ. ಅವನಿಗೆ ಸರಿಯಾಗಿ ಬರೆಯಿರಿ” ಎಂದಳು. ಬರೆದೆವು.